ಹಗೇವಿಗೆ ಇಳಿಸಿದ ಈರುಳ್ಳಿ

ರಾಗಿಗೆ ಆಯುಸ್ಸು ಹೆಚ್ಚು, ಈರುಳ್ಳಿಗೆ ಕಡಿಮೆ. ರಾಗಿಯನ್ನು ನೆಲದೊಳಗಿನ ಹಗೇವಿಗೆ ಸುರಿದು, ಬಾಯಿಗೆ ಚಪ್ಪಡಿ ಎಳೆದು, ಮೇಲೆ ಮಣ್ಣು ಮೆತ್ತಿಬಿಟ್ಟರೆ ಮಗ ತೊಟ್ಟಿಲಲ್ಲಿದ್ದಾಗ ತುಂಬಿದ್ದನ್ನು ಅವನ ಮದುವೆಯ ಊಟಕ್ಕೆ ತೆಗೆಯಬಹುದು ಎಂದು ನಮ್ಮ ಕಡೆ ಹೇಳುತ್ತಾರೆ. ಬರಿಯ ಮಾತಲ್ಲ, ಹಾಗೆ ತೆಗೆದ ರಾಗಿಯ ಮುದ್ದೆ ನಾನೇ ತಿಂದಿದ್ದೇನೆ. ಈರುಳ್ಳಿಯ ಗೆಡ್ಡೆ ಒಂದು ಮಳೆಗಾಲ ದಾಟುವುದೇ ಕಷ್ಟ. ಅದರ ಬೀಜವಂತೂ ಎರಡನೆಯ ವರ್ಷಕ್ಕೆ ಕಾಲಿಟ್ಟರೆ ಮೊಳೆಯುವುದಿಲ್ಲ. ನೋಡುವುದಕ್ಕೆ ಮಾತ್ರ ಕಪ್ಪಗೆ, ಗಟ್ಟಿಯಾಗಿ ಚೆನ್ನಾಗಿರುತ್ತದೆ. ರಾಗಿಯನ್ನು ನಂಬಿದ ಹಾಗೆ ಈರುಳ್ಳಿಯನ್ನೂ ನಂಬಿ ನಮ್ಮ ಅತ್ತೆ ಒಂದು ವರ್ಷ ತಮ್ಮ ತೋಟದ ಮಡಿಯನ್ನೂ ಬೀಜವನ್ನೂ ಕಳೆದುಕೊಳ್ಳುವುದರಲ್ಲಿದ್ದರು. ಅದನ್ನು ಕ್ರಮವಾಗಿ ಬರೆಯುತ್ತೇನೆ.

ನಾನು ಮಾಗಡಿ ಕಡೆಯವಳು. ತಂದೆ ಶಾಲೆಯ ಮೇಷ್ಟ್ರು. ನಮ್ಮ ಮನೆಯಲ್ಲಿ ಪ್ರತಿಯೊಂದಕ್ಕೂ ಹೊತ್ತು ಗೊತ್ತು. ಕಸ ಗುಡಿಸುವುದಕ್ಕೆ ಒಂದು ಹೊತ್ತು, ವಿಭೂತಿ ಇಟ್ಟು ಪೂಜೆಗೆ ಕೂರುವುದಕ್ಕೆ ಒಂದು ಹೊತ್ತು, ಕಾಗುಣಿತ ಒಪ್ಪಿಸುವುದಕ್ಕೆ ಒಂದು ಹೊತ್ತು. ಚೊಂಬನ್ನು ಎಲ್ಲಿಂದ ತೆಗೆದೆವೋ ಅಲ್ಲೇ ಇಡಬೇಕು. ಅಲ್ಲಿಂದ ಕೂಟಗಲ್ಲಿನ ಹತ್ತಿರದ ಒಂದು ಹಳ್ಳಿಗೆ, ಬೇಸಾಯದ ಮನೆಗೆ ಸೊಸೆಯಾಗಿ ಬಂದೆ. ಮಹಾರಾಜರ ಕಾಲ, ಈಗಿನ ರಾಮನಗರವನ್ನು ಆಗ ಕ್ಲೋಸ್‌ಪೇಟೆ ಎನ್ನುತ್ತಿದ್ದರು. ಆ ಮನೆಯಲ್ಲಿ ಯಾವುದೂ ಇಟ್ಟ ಕಡೆ ಇರುತ್ತಿರಲಿಲ್ಲ. ಕುಡುಗೋಲು ಒಲೆಯ ಹತ್ತಿರ, ಒನಕೆ ದನದ ಕೊಟ್ಟಿಗೆಯಲ್ಲಿ, ಮೊರ ಯಾರ ಮನೆಯಲ್ಲೋ. ಬಂದ ಹೊಸತರಲ್ಲಿ ನನಗೆ ತಲೆ ತಿರುಗುತ್ತಿತ್ತು. ಅಚ್ಚುಕಟ್ಟಾಗಿದ್ದದ್ದು ಒಂದೇ ಜಾಗ: ಬಾವಿಯ ಪಕ್ಕದ ಈರುಳ್ಳಿ ಮಡಿ. ಅದು ಅತ್ತೆಯದು.

ಅತ್ತೆಯ ತವರು ಕನಕಪುರದ ಆಚೆ. ಮದುವೆಯಾಗಿ ಬರುವಾಗ ಮಡಿಲಕ್ಕಿಯ ಜೊತೆ ಒಂದು ಸಣ್ಣ ಗಂಟು ಈರುಳ್ಳಿ ಬೀಜವನ್ನೂ ಕಟ್ಟಿಸಿಕೊಂಡು ಬಂದಿದ್ದರಂತೆ. ಗುಂಡಗೆ, ಕಡುಗೆಂಪು, ಕಚ್ಚಿದರೆ ಖಾರ ಮೂಗಿಗೆ ಹತ್ತುವ ಜಾತಿ. ತವರಿನವರು ಅದನ್ನು ಎಂದೋ ಬಿಟ್ಟು, ಇದ್ದಬದ್ದ ನೆಲಕ್ಕೆಲ್ಲ ಹಿಪ್ಪುನೇರಳೆ ನೆಟ್ಟು ರೇಷ್ಮೆಗೆ ಇಳಿದಿದ್ದರು. ಹಾಗಾಗಿ ಆ ಜಾತಿ ಉಳಿದದ್ದು ನಮ್ಮ ಬಾವಿಯ ಪಕ್ಕದಲ್ಲಿ ಮಾತ್ರ. ಅತ್ತೆ ಇದನ್ನು ದೊಡ್ಡದಾಗಿ ಹೇಳಿಕೊಳ್ಳುತ್ತಿರಲಿಲ್ಲ. ಆದರೆ ಮಡಿಗೆ ಯಾರಾದರೂ ಚಪ್ಪಲಿ ಕಾಲಿಟ್ಟರೆ ಅವರ ಧ್ವನಿ ಇಡೀ ತೋಟಕ್ಕೆ ಕೇಳುತ್ತಿತ್ತು.

ಈರುಳ್ಳಿಯನ್ನು ಬೀಜದಿಂದ ಬೆಳೆಸುವುದು ಎರಡು ವರ್ಷದ ಕೆಲಸ. ಕಾರ್ತಿಕದಲ್ಲಿ ಒಳ್ಳೆಯ ಗೆಡ್ಡೆಗಳನ್ನು ಆರಿಸಿ, ತಲೆಯನ್ನು ಸ್ವಲ್ಪ ಕೊಯ್ದು, ಮಡಿಯ ಒಂದು ಮಗ್ಗುಲಿಗೆ ನೆಡಬೇಕು. ಅವು ಬೇರು ಬಿಟ್ಟು ಟೊಳ್ಳು ದಂಟು ಎತ್ತುತ್ತವೆ. ದಂಟಿನ ತುದಿಗೆ ಬಿಳಿ ಹೂವಿನ ಚೆಂಡು, ಚೆಂಡಿನ ತುಂಬ ಜೇನುನೊಣ. ಬಿಸಿಲೇರುವ ಹೊತ್ತಿಗೆ ಚೆಂಡು ಒಣಗಿ, ಒಡೆದು, ಕಪ್ಪು ಬೀಜ ಇಣುಕುತ್ತದೆ. ಆಗ ಕೊಯ್ದು, ಒಣಗಿಸಿ, ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ, ಬೂದಿ ಬೆರೆಸಿ, ಒಣ ಸೋರೆಬುರುಡೆಗೆ ತುಂಬಿ ಸಗಣಿಯಿಂದ ಬಾಯಿ ಮುಚ್ಚುವುದು. ಮಳೆಗಾಲ ಕಳೆದ ಮೇಲೆ ಆ ಬೀಜವನ್ನು ಒಟ್ಲು ಪಾತಿಗೆ ಚೆಲ್ಲಿ, ಎದ್ದ ಪೈರನ್ನು ಕಿತ್ತು ಮಡಿಗೆ ನಾಟಿ ಮಾಡಿದರೆ ಯುಗಾದಿಯ ಸುಮಾರಿಗೆ ಗೆಡ್ಡೆ. ಗೆಡ್ಡೆಯಿಂದ ಬೀಜ, ಬೀಜದಿಂದ ಗೆಡ್ಡೆ. ನಡುವೆ ಎಲ್ಲಿಯೂ ಸೋಮಾರಿತನ ನಡೆಯುವುದಿಲ್ಲ. ಆ ಮನೆಯಲ್ಲಿ ನನಗೆ ಮೊದಲು ಹಿಡಿಸಿದ ಕೆಲಸ ಅದೇ.

ಆ ನೆಲದ ಮೇಲೆ ಮಾವನವರ ಕಣ್ಣು ಬಿದ್ದಿತ್ತು. ಚನ್ನಪಟ್ಟಣದಲ್ಲಿ ನೂಲು ಬಿಚ್ಚುವವರು ರೇಷ್ಮೆ ಗೂಡು ಹುಡುಕಿಕೊಂಡು ನಮ್ಮೂರಿನ ತನಕ ಬರುತ್ತಿದ್ದ ಕಾಲ ಅದು. ನಮ್ಮ ಮನೆಯಲ್ಲೂ ಹುಳು ಸಾಕುತ್ತಿದ್ದರು. ಆದರೆ ಸೊಪ್ಪು ಸಾಲುತ್ತಿರಲಿಲ್ಲ. ಹುಳು ಪೊರೆ ಬಿಡುವುದಕ್ಕೆ ಜ್ವರ ಎನ್ನುತ್ತಾರೆ. ಕೊನೆಯ ಜ್ವರದಿಂದ ಎದ್ದ ಹುಳುವಿಗೆ ಎಷ್ಟು ಸೊಪ್ಪು ಹಾಕಿದರೂ ಮಳೆ ಸುರಿದಂತೆ ಸದ್ದು ಮಾಡಿಕೊಂಡು ಮುಗಿಸಿಬಿಡುತ್ತದೆ. ಆ ದಿನಗಳಲ್ಲಿ ಮಾವ ಹೆಗಲ ಮೇಲೆ ಚೀಲ ಹಾಕಿಕೊಂಡು ಮನೆಮನೆಗೆ ಹೋಗಿ ಸೊಪ್ಪು ಕೇಳುತ್ತಿದ್ದರು. ಕೇಳಿ ತರುವುದು ಅವರ ಸ್ವಭಾವಕ್ಕೆ ಒಗ್ಗದ ಕೆಲಸ. ಹಾಗೆ ಅಲೆದು ಬಂದ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಮಾತು ಎತ್ತಿದರು.

"ಬಾವಿ ಮಗ್ಗುಲಲ್ಲೇ ಬಂಗಾರದಂಥ ಮಣ್ಣು. ಅದ್ರಲ್ಲಿ ಈರುಳ್ಳಿ ಆಕ್ಕೊಂಡು ಕೂತವ್ಳೆ. ಅಲ್ಲ ಕಣಮ್ಮಿ, ಈರುಳ್ಳಿ ನಿಂಗೆ ಸೀರೆ ತಂದ್ಕೊಡ್ತದಾ?"

"ರೇಷ್ಮೆ ತಂದ್ಕೊಟ್ಟ ಸೀರೆ ಎಲ್ಲೈತೆ, ಮೊದ್ಲು ಅದ ತೋರ್ಸಿ," ಎಂದರು ಅತ್ತೆ, ಸಾರು ಬಡಿಸುತ್ತಲೇ.

ನಮ್ಮ ಯಜಮಾನರು ತಟ್ಟೆಯೊಳಗೆ ಮುಖ ಹುದುಗಿಸಿ ನಕ್ಕರು. ಮಾವನಿಗೆ ಇನ್ನಷ್ಟು ರೇಗಿತು.

"ವರ್ಸಾ ವರ್ಸಾ ಆಸಾಢಕ್ಕೇ ಕೊಳ್ತು ನಾರ್ತದೆ. ಬೆಳೆಯೋದು ಒಂದು ಮಡಿ, ಬಿಸಾಕೋದು ಅರ್ಧ ಮಡಿ. ಇದೂ ಒಂದು ಬೇಸಾಯವಾ?"

ಇದು ನಿಜವಾಗಿತ್ತು. ಕಿತ್ತ ಈರುಳ್ಳಿಯನ್ನು ಒಲೆಯ ಮೇಲಿನ ಅಟ್ಟದಲ್ಲಿ ರಾಶಿ ಹಾಕುತ್ತಿದ್ದರು. ಮೇಲಿನದು ಮೊಳೆಯುತ್ತಿತ್ತು, ಅಡಿಯದು ಕೊಳೆಯುತ್ತಿತ್ತು. ಅತ್ತೆ ಸಾರಿನ ಪಾತ್ರೆ ಎತ್ತಿಕೊಂಡು ಒಲೆಯ ಕಡೆ ತಿರುಗಿದರು. ಮಾವ ಅದನ್ನು ಕಂಡು ಕೈ ತೊಳೆಯುವ ಮುಂಚೆಯೇ ಷರತ್ತು ಹಾಕಿದರು.

"ಈ ವರ್ಸ ಗೌರಿ ಗಣೇಶ ಕಳೆದ ಮಾರನೆ ದಿನ ನನ್ನ ಮುದ್ದೆ ಪಕ್ಕ ನಿನ್ನ ಈರುಳ್ಳಿ ಒಂದು ಬರ್ಲಿ. ಕೊಳೆತದ್ದಲ್ಲ, ಮೊಳೆತದ್ದಲ್ಲ. ಬಂದ್ರೆ ಮಡಿ ನಿಂದು, ಇನ್ನು ಯಾವತ್ತೂ ನಾನು ಕೇಳಕ್ಕಿಲ್ಲ. ಬರ್ನಿಲ್ಲ ಅಂದ್ರೆ ಅವತ್ತೇ ಹಿಪ್ಪುನೇರಳೆ ಕಡ್ಡಿ ನೆಡ್ತೀನಿ."

"ಆಗ್ಲಿ," ಎಂದರು ಅತ್ತೆ. "ಸೊಸೆ ಸಾಕ್ಸಿ."

ಹಿಪ್ಪುನೇರಳೆ ಒಮ್ಮೆ ಬೇರೂರಿತೆಂದರೆ ಒಂದು ತಲೆಮಾರು ಅಲ್ಲೇ ನಿಲ್ಲುವ ಗಿಡ. ಅದಕ್ಕೆ ಜಾಗ ಕೊಟ್ಟರೆ ಹಿಂದಕ್ಕೆ ಕೇಳುವ ಮಾತಿಲ್ಲ. ಅತ್ತೆಗೆ ಇದು ಚೆನ್ನಾಗಿ ಗೊತ್ತಿತ್ತು.

ಷರತ್ತಾದ ಮೇಲೆ ಬಂದ ಮೊದಲ ಕಷ್ಟ ಅಕಾಲದ ಮಳೆ. ಹೂವಿನ ಚೆಂಡುಗಳು ಬಿರಿದು ನಿಂತಿದ್ದ ಹೊತ್ತಿಗೆ ಮೋಡ ಕವಿದು, ದಿನಗಟ್ಟಲೆ ಜಿಟಿಜಿಟಿ ಹಿಡಿಯಿತು. ನೊಣ ಬರಲಿಲ್ಲ. ಚೆಂಡುಗಳು ಕಪ್ಪಗೆ ಬೂಷ್ಟು ಹಿಡಿದು ಬಾಗಿದವು. ಉಜ್ಜಿ ನೋಡಿದರೆ ಹೊಟ್ಟು. ಆ ವರ್ಷ ಸೋರೆಬುರುಡೆಗೆ ತುಂಬಲು ಒಂದು ಚಿಟಿಕೆ ಬೀಜವೂ ಸಿಗಲಿಲ್ಲ. ಹಳೆಯ ಬೀಜ ಉಳಿದಿತ್ತು, ಆದರೆ ಅದು ಸತ್ತ ಬೀಜ. ಇನ್ನು ಆ ಜಾತಿ ಮುಂದುವರಿಯಬೇಕಾದರೆ ಮಡಿಯಲ್ಲಿ ಬಲಿಯುತ್ತಿದ್ದ ಗೆಡ್ಡೆಗಳೇ ಗತಿ. ಅವುಗಳಲ್ಲಿ ಒಂದಷ್ಟನ್ನು ಕಾರ್ತಿಕದ ತನಕ ಕೆಡದಂತೆ ಕಾದು ಮತ್ತೆ ನೆಡಬೇಕು.

ಅದೃಷ್ಟಕ್ಕೆ ಗೆಡ್ಡೆ ಚೆನ್ನಾಗಿ ಬಂದಿತ್ತು. ಯುಗಾದಿ ಕಳೆಯುತ್ತಿದ್ದಂತೆ ಎಲೆಗಳು ಕತ್ತಿನ ಹತ್ತಿರ ಮುರಿದು ನೆಲಕ್ಕೆ ಒರಗಿದವು. ನೀರು ನಿಲ್ಲಿಸಿ, ಮಣ್ಣು ಒಣಗಲು ಬಿಟ್ಟು, ಕಿತ್ತು, ಒಂದರ ಎಲೆ ಇನ್ನೊಂದರ ಗೆಡ್ಡೆಗೆ ನೆರಳಾಗುವಂತೆ ಸಾಲಾಗಿ ಹರಡಿದೆವು. ಎಲೆ ಪೂರ್ತಿ ಒಣಗಿದ ಮೇಲೆ ಕೊಯ್ಯಲು ಕೂತೆವು. ನಾನು ಒಂದೇ ಅಳತೆಗೆ, ಗೆಡ್ಡೆಗೆ ಅಂಟಿದಂತೆ ನುಣ್ಣಗೆ ಕೊಯ್ಯತೊಡಗಿದೆ. ಅತ್ತೆ ನನ್ನ ಕೈಯ ಕುಡುಗೋಲನ್ನು ಹಿಡಿದು ತಡೆದರು.

"ಏನ್ ಮಗ ಇದು, ಈರುಳ್ಳಿಗೂ ತಲೆ ಬೋಳಿಸ್ತಿದ್ದೀಯ? ಜುಟ್ಟು ಬುಡು. ಬೋಳು ತಲೆಗೆ ನೀರು ಇಳೀತದೆ."

ಜುಟ್ಟು ಬಿಟ್ಟು ಕೊಯ್ದೆ. ನೋಡುವುದಕ್ಕೆ ಅಂದವಾಗಿರಲಿಲ್ಲ, ಆದರೆ ಮಾತು ಸರಿಯಾಗಿತ್ತು.

ಆಮೇಲೆ ಆರಿಸಿದೆವು. ದಪ್ಪಗೆ, ಕತ್ತು ಸಣ್ಣಗೆ, ಸಿಪ್ಪೆ ಗಟ್ಟಿಯಾಗಿದ್ದದ್ದು ಒಂದು ಕಡೆ. ಗೋಲಿಗಿಂತ ಸ್ವಲ್ಪ ದೊಡ್ಡದಾದ ಸಣ್ಣವು, ಜೋಡಿ ಗೆಡ್ಡೆಗಳು, ದಪ್ಪ ಕತ್ತಿನವು ಇನ್ನೊಂದು ಕಡೆ. ಮೊದಲ ಗುಡ್ಡೆ ಬೀಜಕ್ಕೂ ಗೌರಿ ಹಬ್ಬಕ್ಕೂ. ಎರಡನೆಯದು ದಿನದ ಅಡುಗೆಗೆ.

ಈಗ ಇಡುವುದೆಲ್ಲಿ ಎಂಬ ಪ್ರಶ್ನೆ. ಅಟ್ಟದ ಮೇಲೆ ಎಂದು ಅತ್ತೆ ಹೇಳಿದ ಕೂಡಲೇ ಮಾವ ಎದ್ದು ನಿಂತರು. ಆ ವರ್ಷ ಕೊಯ್ಲಿನ ಹೊತ್ತಿಗೇ ಒಳಮನೆಯಲ್ಲಿ ಹುಳು ಇತ್ತು. ಹುಳುವಿಗೆ ವಾಸನೆ ಆಗುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಹುಳು ಇರುವ ಮನೆಯಲ್ಲಿ ಒಗ್ಗರಣೆಗೆ ಈರುಳ್ಳಿ ಹಾಕುವುದಿರಲಿ, ಹೊರಗಿನವರು ಕಾಲು ತೊಳೆಯದೆ ಹೊಸಿಲು ದಾಟುವಂತಿಲ್ಲ.

"ಒಂದು ಈರುಳ್ಳಿ ವಾಸ್ನೆಗೇ ಹುಳ ಮೇವು ಬುಡ್ತದೆ. ಇನ್ನು ರಾಸಿ ಇಟ್ರೆ? ಒಳಗೆ ತರಬ್ಯಾಡ," ಎಂದರು.

"ಮತ್ತೆ ಎಲ್ಲಿ ಇಡ್ಲಿ, ನಿಮ್ ತಲೆ ಮ್ಯಾಲಾ?"

ಮಾವ ಸೊಪ್ಪಿನ ಚೀಲ ಹೆಗಲಿಗೇರಿಸಿ ಹೊರಟುಹೋದರು. ಅತ್ತೆ ಅಂಗಳದಲ್ಲಿ ನಿಂತು ಸುತ್ತ ನೋಡಿದರು. ಅಂಗಳದ ಮೂಲೆಯಲ್ಲಿ ಎರಡು ಹಗೇವುಗಳಿದ್ದವು. ಒಂದರಲ್ಲಿ ರಾಗಿ ಇತ್ತು. ಇನ್ನೊಂದು ಆ ವರ್ಷವಷ್ಟೇ ಖಾಲಿಯಾಗಿತ್ತು. ಅತ್ತೆಯ ಮುಖ ಅರಳಿತು.

ನಾನು ಅನುಮಾನಿಸಿದೆ. "ಅತ್ತೆ, ಅದರೊಳಗೆ ಗಾಳಿ ಆಡುವುದಿಲ್ಲವಲ್ಲ."

"ಆಡದಿದ್ರೇ ಒಳ್ಳೇದು. ಗಾಳಿ ಇಲ್ದಿದ್ರೆ ಹುಳ ಇಲ್ಲ, ಇಲಿ ಇಲ್ಲ, ಮಳೆ ಇಲ್ಲ. ನಮ್ಮತ್ತೆ ಕಾಲದ ರಾಗಿ ಪಕ್ಕದ ಹಗೇವಲ್ಲಿ ಇವತ್ತಿಗೂ ಕೆಟ್ಟಿಲ್ಲ. ರಾಗಿ ಕಾದ ತಾಯಿ ಈರುಳ್ಳಿ ಕಾಯಕ್ಕಿಲ್ವಾ?"

ಇದಕ್ಕೆ ಎದುರು ಹೇಳಲು ನನಗೂ ಏನೂ ತಿಳಿದಿರಲಿಲ್ಲ. ನಮ್ಮ ತವರಿನಲ್ಲಿ ಈರುಳ್ಳಿ ಬೆಳೆಯುತ್ತಲೇ ಇರಲಿಲ್ಲ. ಯಜಮಾನರು ಹಗ್ಗ ಹಿಡಿದು ಇಳಿದರು; ಅಡಿಗೂ ಗೋಡೆಗೂ ರಾಗಿ ಹುಲ್ಲು ಹಾಸಿದರು. ಕುಕ್ಕೆ ಕುಕ್ಕೆಯಾಗಿ ಆರಿಸಿದ ಈರುಳ್ಳಿ ಇಳಿಯಿತು. ಅತ್ತೆ ಚಪ್ಪಡಿ ಎಳೆಸಿ, ಅಂಚಿಗೆ ಮಣ್ಣು ಮೆತ್ತಿ, ಮೇಲೆ ಸಾರಿಸಿ ಒಂದು ಎಳೆ ರಂಗೋಲಿಯನ್ನೂ ಬಿಟ್ಟರು. ಎರಡನೆಯ ಗುಡ್ಡೆಯನ್ನು ನನಗೆ ತೋರಿಸಿ, "ಅದನ್ನ ನೀನು ಎಲ್ಲಾದ್ರೂ ಇಟ್ಕೊ," ಎಂದರು.

ನಾನು ಕಣದ ಗುಡಿಸಲನ್ನು ಆರಿಸಿಕೊಂಡೆ. ಸುಗ್ಗಿ ಮುಗಿದು ಅದು ಬರಿದಾಗಿತ್ತು. ಮೇಲೆ ಹುಲ್ಲಿನ ಮಾಡು, ಸುತ್ತ ಅರ್ಧ ಎತ್ತರದ ಗೋಡೆ, ನಾಲ್ಕೂ ಕಡೆಯಿಂದ ಗಾಳಿ. ಯಜಮಾನರ ಕೈಯಲ್ಲಿ ಬಿದಿರಿನ ತಟ್ಟಿ ಕಟ್ಟಿಸಿ, ಗೂಟದ ಮೇಲೆ ಏರಿಸಿ, ಸಣ್ಣ ಈರುಳ್ಳಿಯನ್ನು ಒಂದರ ಮೇಲೊಂದು ಬೀಳದಂತೆ ಹರಡಿದೆ. ಯಾವುದೋ ತಿಳಿವಳಿಕೆಯಿಂದ ಮಾಡಿದ್ದಲ್ಲ. ನನಗೆ ರಾಶಿ ಕಂಡರೆ ಆಗುತ್ತಿರಲಿಲ್ಲ, ಅಷ್ಟೆ. ಬೆಳಿಗ್ಗೆ ಹಾಲು ಕರೆದ ಮೇಲೆ ಗುಡಿಸಲಿಗೆ ಹೋಗಿ ಅವನ್ನು ಹೊರಳಿಸುವುದನ್ನು ದಿನಚರಿಗೆ ಸೇರಿಸಿಕೊಂಡೆ.

ಮುಂಗಾರಿನ ಮೊದಲ ಮಳೆ ಬಿತ್ತು. ಬಿದ್ದು ಕೆಲವು ದಿನಕ್ಕೆ ನಮ್ಮ ನಾಯಿ ಹಗೇವಿನ ಚಪ್ಪಡಿಯ ಸುತ್ತ ಮೂಸುತ್ತ ಕೆದಕತೊಡಗಿತು. ಓಡಿಸಿದರೆ ಮತ್ತೆ ಬರುತ್ತಿತ್ತು. ಒಂದು ಬೆಳಿಗ್ಗೆ ಅಂಗಳ ಸಾರಿಸುತ್ತಿದ್ದ ನನಗೂ ಮೂಗಿಗೆ ಬಡಿಯಿತು. ಅತ್ತೆಯನ್ನು ಕರೆದೆ. ಅವರು ಬಂದು ನಿಂತರು, ಬಗ್ಗಿ ನೋಡಲಿಲ್ಲ. "ನಿನ್ ಗಂಡನ್ನ ಕರಿ," ಎಂದರು.

ಚಪ್ಪಡಿ ಸರಿಸಿದ್ದೇ ಎಲ್ಲರೂ ಹಿಂದಕ್ಕೆ ಸರಿದೆವು. ಹಗೇವಿಗೆ ಇಳಿಯುವ ಮುಂಚೆ ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ ನೋಡುವುದು ರೂಢಿ. ದೀಪ ಉರಿದರೆ ಇಳಿಯಬಹುದು; ಆರಿದರೆ ಒಳಗೆ ಕೆಟ್ಟ ಗಾಳಿ, ಇಳಿದವನು ಮೇಲೆ ಬರುವುದಿಲ್ಲ. ದೀಪ ಬಾಯಿಯಿಂದ ಒಂದು ಮೊಳ ಇಳಿಯುವಷ್ಟರಲ್ಲೇ ಆರಿತು. ಬಾಯಿ ತೆರೆದೇ ಬಿಟ್ಟು, ಬೇವಿನ ಕೊಂಬೆ ಕಟ್ಟಿದ ಹಗ್ಗವನ್ನು ಇಳಿಸಿ ಎಳೆದು, ಬೀಸಿ, ಮತ್ತೆ ದೀಪ ಬಿಟ್ಟರೂ ಆರಿತು. ಅಷ್ಟರಲ್ಲಿ ಬೀದಿಗೆಲ್ಲ ವಾಸನೆ ಹಬ್ಬಿ ಪಕ್ಕದ ಮನೆಯಾಕೆ ಸೆರಗನ್ನು ಮೂಗಿಗೆ ಒತ್ತಿಕೊಂಡು ಬಂದಳು. ಅತ್ತೆಯ ವಾರಿಗೆಯವಳು, ಬಾಯಿ ಸ್ವಲ್ಪ ಜೋರು.

"ಏನಕ್ಕ, ಹಗೇವಲ್ಲಿ ಹೆಣ ಗಿಣ ಹೂತಿದ್ದೀರಾ?"

"ಇನ್ನೂ ಜಾಗ ಐತೆ, ಬತ್ತೀಯಾ?" ಎಂದರು ಅತ್ತೆ.

ಬಿಸಿಲು ನೆತ್ತಿಗೆ ಬಂದ ಮೇಲೆ ದೀಪ ಆರದೆ ತಳ ಮುಟ್ಟಿತು. ಯಜಮಾನರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದರು. ಮೇಲೆ ಬಂದ ಮೊದಲ ಕುಕ್ಕೆಯಲ್ಲಿ ಈರುಳ್ಳಿ ಎಂದು ಗುರುತು ಹಿಡಿಯುವಂಥದ್ದು ಏನೂ ಇರಲಿಲ್ಲ. ಲೋಳೆ, ಬಿಳಿಯ ಉದ್ದನೆಯ ಮೊಳಕೆ, ಬೆವರಿ ಕೊಳೆತ ಹುಲ್ಲು. ಎರಡನೆಯದೂ ಹಾಗೆಯೇ. ಅತ್ತೆ ಪ್ರತಿ ಕುಕ್ಕೆಗೂ ಕೈ ಹಾಕಿ ಒಂದೊಂದನ್ನೂ ಹಿಸುಕಿ ನೋಡಿದರು. ಗಟ್ಟಿಯಾದದ್ದು ಒಂದೂ ಸಿಗಲಿಲ್ಲ. ಕೊನೆಯ ಕುಕ್ಕೆ ತಿಪ್ಪೆಗೆ ಹೋದ ಮೇಲೆ ಬಾನಿಯ ಹತ್ತಿರ ಕೂತು ಬಹಳ ಹೊತ್ತು ಕೈ ತೊಳೆದರು.

"ರಾಗಿ ನಿದ್ದೆ ಮಾಡ್ತದೆ. ಇದು ಉಸಿರಾಡ್ತದೆ," ಎಂದರು, ಯಾರಿಗೆ ಎಂದಿಲ್ಲದೆ. "ಉಸಿರಾಡೋದನ್ನ ತಗೊಂಡೋಗಿ ಮಣ್ ಮುಚ್ಚುಬುಟ್ಟೆ."

ಮಾವ ಸಂಜೆ ಬಂದು ವಿಷಯ ತಿಳಿದರು. ಹೀಯಾಳಿಸುತ್ತಾರೆ ಎಂದುಕೊಂಡಿದ್ದೆ. ಅವರು ಹಗೇವಿನ ಬಾಯಿಯ ಹತ್ತಿರ ಬಗ್ಗಿ ನೋಡಿ, "ಸುಣ್ಣ ಹಾಕ್ಸಿ ಒಣಗಿಸ್ಬೇಕು, ಇಲ್ದಿದ್ರೆ ಮುಂದೆ ರಾಗಿಗೂ ಆಗಕ್ಕಿಲ್ಲ," ಎಂದಷ್ಟೇ ಹೇಳಿ ಒಳಗೆ ಹೋದರು. ಆದರೆ ಮಾರನೆಯ ದಿನ ಯಾರ ತೋಟದಲ್ಲಿ ಒಳ್ಳೆಯ ಹಿಪ್ಪುನೇರಳೆ ಕಡ್ಡಿ ಸಿಗುತ್ತದೆ ಎಂದು ವಿಚಾರಿಸುತ್ತಿದ್ದದ್ದು ನಮ್ಮ ಕಿವಿಗೆ ಬಿತ್ತು.

ಆ ಬೆಳಿಗ್ಗೆ ಅತ್ತೆ ನನ್ನ ಹಿಂದೆಯೇ ಕಣದ ಗುಡಿಸಲಿಗೆ ಬಂದರು. ತಟ್ಟಿಯ ಮೇಲೆ ಸಣ್ಣ ಈರುಳ್ಳಿ ಹರಡಿಕೊಂಡಿತ್ತು. ದಪ್ಪ ಕತ್ತಿನವೂ ಜೋಡಿ ಗೆಡ್ಡೆಗಳೂ ಎರಡು ಹುಳು ಬೆಳೆಯ ನಡುವೆ ಅಡುಗೆಗೆ ಹೋಗಿ ಮುಗಿದಿದ್ದವು. ಉಳಿದವು ಒಣಗಿ, ಮುಟ್ಟಿದರೆ ಸಿಪ್ಪೆ ಸರಸರ ಎನ್ನುತ್ತಿತ್ತು. ಅತ್ತೆ ಒಂದನ್ನು ಕಿವಿಯ ಹತ್ತಿರ ಹಿಡಿದು ಹಿಸುಕಿದರು.

"ಸಣ್ಣವು ಬೀಜಕ್ಕೆ ಆಗುತ್ತವೆಯೇ?" ಎಂದು ಕೇಳಿದೆ.

"ಒತ್ತಾಗಿ ನೆಟ್ಟಿದ್ದಕ್ಕೆ ಸಣ್ಣಗವೆ. ಜಾತಿ ಸಣ್ಣದಲ್ಲ," ಎಂದರು. ಕೈಯಲ್ಲಿದ್ದದ್ದನ್ನು ತಟ್ಟಿಯ ಮೇಲಿಟ್ಟು, "ಆಗ್ಬೇಕು ಕಣ್ ಮಗ. ಬೇರೆ ಇಲ್ಲ," ಎಂದರು.

ಷರತ್ತು ಗೆಲ್ಲಲು ಒಂದು ಈರುಳ್ಳಿ ಸಾಕು. ಆದರೆ ಗೆದ್ದ ಮಡಿಯಲ್ಲಿ ನೆಡಲು ಒಂದು ಬುಟ್ಟಿಯಾದರೂ ಬೇಕು. ಇನ್ನು ತಟ್ಟಿಯಿಂದ ಅಡುಗೆಗೆ ತೆಗೆಯುವಂತಿಲ್ಲ ಎಂದು ಅಲ್ಲೇ ನಿಶ್ಚಯವಾಯಿತು. ನಾನು ನಿಯಮ ಹೇಳಿದೆ: ಮೊಳೆತದ್ದು ಒಲೆಗೆ, ಕೊಳೆತದ್ದು ತಿಪ್ಪೆಗೆ, ಗಟ್ಟಿಯಾದದ್ದು ತಟ್ಟಿಯ ಮೇಲೆ. ಬೆಳಿಗ್ಗೆ ಒಂದು ಸಲ ಹೊರಳಿಸುವುದು. ಆಮೇಲೆ ಯಾರೂ ಮುಟ್ಟಬಾರದು.

ನಿಯಮ ಮುರಿದವರು ಅತ್ತೆಯೇ. ಮಧ್ಯಾಹ್ನ ಹೋದರೆ ತಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ಹಿಸುಕುತ್ತಿದ್ದರು.

"ಅತ್ತೆ, ಮುಟ್ಟಿದಷ್ಟೂ ಕೆಡುತ್ತವೆ."

"ನಾನೇನು ಕದಿಯಕ್ಕೆ ಬಂದಿದ್ದೀನಾ? ನನ್ನ ಈರುಳ್ಳಿ."

"ನಿಮ್ಮದೇ. ಕೈ ತೆಗೆಯಿರಿ."

"ಮೇಷ್ಟ್ರ ಮಗಳನ್ನ ತರಬ್ಯಾಡ ಅಂತ ಅವತ್ತೇ ಹೇಳಿದ್ರು," ಎಂದು ಗೊಣಗಿಕೊಂಡು ಏಳುತ್ತಿದ್ದರು. ಆದರೆ ಎದ್ದು ಹೋಗುವಾಗ ಮಳೆಯ ಎರಚಲು ಬರುವ ಕಡೆಗೆ ಗೋಣಿ ಎಳೆದು ಕಟ್ಟಿಯೇ ಹೋಗುತ್ತಿದ್ದರು. ಬಿಸಿಲು ಬಂದರೆ ಅದನ್ನು ಬಿಚ್ಚುವುದು ನನ್ನ ಕೆಲಸ. ಹೀಗೆ ಇಬ್ಬರೂ ಸೇರಿ ಕಟ್ಟಿ ಬಿಚ್ಚಿ ಆಷಾಢ ಕಳೆದೆವು.

ಮನೆಯ ಊಟ ಮಾತ್ರ ಸಪ್ಪೆಯಾಯಿತು. ಆಷಾಢ ಕಳೆದು ಶ್ರಾವಣ ಬಂದಿತ್ತು. ಎರಡನೆಯ ಬೆಳೆಯ ಹುಳುವೂ ಗೂಡು ಕಟ್ಟಿ ಮನೆಯಿಂದ ಹೊರಗೆ ಹೋಗಿತ್ತು, ಇನ್ನು ವಾಸನೆಯ ತಕರಾರಿಲ್ಲ. ಆದರೂ ಬಸ್ಸಾರಿಗೆ ಈರುಳ್ಳಿ ಬೀಳಲಿಲ್ಲ. ಮುದ್ದೆಯ ಪಕ್ಕ ಉಪ್ಪು, ಹಸಿಮೆಣಸಿನಕಾಯಿ, ಅಷ್ಟೆ. ಮಾವ ದಿನಾ ಕೇಳುತ್ತಿದ್ದರು.

"ಈರುಳ್ಳಿ ಇಲ್ವಾ?"

"ಐತೆ."

"ಎಲ್ಲಿ?"

"ಗುಡಿಸಲಲ್ಲಿ."

"ಗುಡಿಸಲು ಊಟ ಮಾಡ್ತದಾ? ಮಠದಲ್ಲಿ ಕೂತಂಗಾಯ್ತು ನಂಗೆ."

ಶ್ರಾವಣದ ತೇವ ಕಷ್ಟ ಕೊಟ್ಟಿತು. ಬೆಳಿಗ್ಗೆ ಹೋದರೆ ಒಂದೆರಡಾದರೂ ಹಸಿರು ಮೂಗು ತೋರಿಸಿರುತ್ತಿದ್ದವು. ಅವನ್ನು ತೆಗೆದು ಪಲ್ಯಕ್ಕೆ ಹಾಕುತ್ತಿದ್ದೆ. ತಟ್ಟಿಯ ಮೇಲೆ ಬಿದಿರು ಕಾಣುವ ಜಾಗ ದಿನದಿನಕ್ಕೆ ಅಗಲವಾಯಿತು. ಅತ್ತೆ ಮುಟ್ಟುವುದನ್ನು ಬಿಟ್ಟು ದೂರದಲ್ಲಿ ನಿಂತು ನೋಡತೊಡಗಿದರು. ಹಬ್ಬಕ್ಕೆ ಬಾಗಿನದ ಮೊರ ಸಿದ್ಧ ಮಾಡುವಾಗಲೂ ಅವರ ಲಕ್ಷ್ಯ ಕಣದ ಕಡೆಗೇ ಇತ್ತು. ಮಾವ ಹಬ್ಬದ ಹಿಂದಿನ ದಿನ ಹಿಪ್ಪುನೇರಳೆ ಕಡ್ಡಿಯ ಕಟ್ಟುಗಳನ್ನು ಗಾಡಿಯಲ್ಲಿ ತಂದು, ಬಾವಿಯ ನೆರಳಿನಲ್ಲಿ ಒದ್ದೆ ಗೋಣಿ ಹೊದಿಸಿ ಇಟ್ಟರು. ಅತ್ತೆ ನೀರಿಗೆ ಹೋದಾಗ ಅದನ್ನು ಕಂಡರು. ಬಿಂದಿಗೆ ತುಂಬಿಕೊಂಡು ಬಂದರು.

ಗೌರಿ ಗಣೇಶ ಕಳೆಯಿತು. ಮಾರನೆಯ ದಿನ ಮಧ್ಯಾಹ್ನ ಮಾವ ಎಂದಿಗಿಂತ ಬೇಗ ಕೈಕಾಲು ತೊಳೆದು ಮಣೆಯ ಮೇಲೆ ಕೂತರು. ನಾನು ಮುದ್ದೆ ಇಟ್ಟೆ, ಅತ್ತೆ ಸಾರು ಬಿಟ್ಟರು. ಆಮೇಲೆ ಸೆರಗಿನಿಂದ ಒಂದು ಈರುಳ್ಳಿ ತೆಗೆದು ಮುದ್ದೆಯ ಪಕ್ಕ ಇಟ್ಟರು. ತಟ್ಟಿಯಲ್ಲಿ ಉಳಿದವುಗಳಲ್ಲಿ ಎಲ್ಲಕ್ಕಿಂತ ಚೆಂದದ್ದು.

ಮಾವ ಎತ್ತಿಕೊಂಡರು. ಹಿಸುಕಿದರು. ಮೂಸಿದರು. ಜುಟ್ಟು ಎಳೆದು ನೋಡಿದರು. ಹೊರಗೆ ಚೆನ್ನಾಗಿದ್ದು ನಡುವಿನಲ್ಲಿ ಹಸಿರು ಮೊಳಕೆ ಎದ್ದಿದ್ದರೆ ಅದೂ ಮೊಳೆತದ್ದೇ. ಇದು ಅವರಿಗೂ ಗೊತ್ತು, ಅತ್ತೆಗೂ ಗೊತ್ತು. ಈರುಳ್ಳಿಯನ್ನು ಮಣೆಯ ಪಕ್ಕದ ನೆಲಗಲ್ಲಿನ ಮೇಲಿಟ್ಟು ಮುಷ್ಟಿಯಿಂದ ಗುದ್ದಿದರು. ಅದು ಎರಡು ಹೋಳಾಗಿ ಸಿಡಿಯಿತು. ಅತ್ತೆ ನೋಡಲಿಲ್ಲ. ನಾನು ಬಗ್ಗಿ ನೋಡಿದೆ. ನಡುವಿನ ತನಕ ಬಿಳುಪು, ಅಂಚಿಗೆ ಕೆಂಪು. ಹಸಿರಿನ ಒಂದು ಎಳೆ ಇಲ್ಲ.

ಮಾವ ಒಂದು ಹೋಳನ್ನು ಬಾಯಿಗೆ ಹಾಕಿಕೊಂಡು ಕರುಕುರು ಎಂದು ಅಗಿದರು. ಇನ್ನೊಂದನ್ನೂ ಅಗಿದರು. ಬೀಜಕ್ಕೆ ಇಟ್ಟದ್ದೆಂದು ಒಂದು ಚೂರೂ ದಾಕ್ಷಿಣ್ಯ ತೋರಿಸಲಿಲ್ಲ. ಆಮೇಲೆ ನೀರು ಕುಡಿದು, "ಮಡಿ ನಿಂದು," ಎಂದರು.

ಅತ್ತೆ ತಲೆಯಾಡಿಸಿದರು. ಅವರ ಕೈ ಸಾರಿನ ಸೌಟನ್ನು ಹುಡುಕುತ್ತಿತ್ತು. ಅದು ಇನ್ನೊಂದು ಕೈಯಲ್ಲೇ ಇತ್ತು.

"ಇನ್ನೊಂದು ತತ್ತಾ. ಬಲು ದಿನ ಆಯ್ತು," ಎಂದರು ಮಾವ.

"ಉಳಿದದ್ದು ಬೀಜಕ್ಕೆ."

"ಮತ್ತೆ ನಾಳೀಕೆ?"

"ಸಂತೇಲಿ ಸಿಕ್ತದೆ."

"ಈರುಳ್ಳಿ ಮಡಿ ಇರೋ ಮನೆಯವನು ಸಂತೇಲಿ ಈರುಳ್ಳಿ ಕೊಳ್ಳಾದಾ? ನೋಡ್ದೋರು ಏನಂದಾರು?"

"ಟವಲ್ ಮುಚ್ಕೊಂಡ್ ಬನ್ನಿ," ಎಂದರು ಅತ್ತೆ.

ಹಾಗೆಯೇ ಆಯಿತು. ಮುಂದಿನ ಸಂತೆಯಿಂದ ಮಾವ ಟವಲ್ ಮುಚ್ಚಿದ ಚೀಲ ತಂದರು. ಊದಿದ, ಮಾಸಲು ಬಣ್ಣದ, ಎಲ್ಲಿಯದೋ ಈರುಳ್ಳಿ. ಅತ್ತೆ ಅದನ್ನೇ ಹೆಚ್ಚಿ ಸಾರಿಗೆ ಹಾಕಿದರು. ಬಾವಿಯ ನೆರಳಿನಲ್ಲಿದ್ದ ಕಡ್ಡಿಯನ್ನು ಮಾವನೂ ಯಜಮಾನರೂ ಸೇರಿ ಮೇಲಿನ ಹೊಲದಲ್ಲಿ, ಮಳೆಯನ್ನು ನಂಬಿ ನೆಟ್ಟರು. ಅಲ್ಲಿ ಬದುಕಿದ್ದು ಬದುಕಿತು, ಒಣಗಿದ್ದು ಒಣಗಿತು. ಸೊಪ್ಪು ಕೇಳಲು ಹೋಗುವುದು ಪೂರ್ತಿ ತಪ್ಪಲಿಲ್ಲ, ಕಡಿಮೆಯಾಯಿತು.

ಕಾರ್ತಿಕದಲ್ಲಿ ಗೆಡ್ಡೆ ನೆಟ್ಟೆವು. ಬಿತ್ತಲು ಬೀಜ ಇಲ್ಲದ ಕಾರಣ ಮಡಿಯ ಬಹುಭಾಗ ಬರಿದಾಗಿ ಉಳಿಯುತ್ತಿತ್ತು. ಅದಕ್ಕೆ ಕೊತ್ತಂಬರಿ, ಮೆಂತ್ಯ ಚೆಲ್ಲಿದೆವು. ಮಾವ ಅದನ್ನು ನೋಡಿಕೊಂಡೇ ಬಾವಿಯ ಕಡೆ ಹೋದರು. ಕೊಟ್ಟ ಮಾತಿಗೆ ಅವರು ತಪ್ಪುವವರಲ್ಲ. ಬಾವಿಯಿಂದ ನೀರೆತ್ತುವ ಕಪಿಲೆ ಹೊಡೆಯುವಾಗ ಮಾತ್ರ ಎತ್ತುಗಳೊಡನೆ ಮಾತಾಡುವ ನೆಪದಲ್ಲಿ, "ನಡೀ ಬಸವ, ರಾಣಿಯವರ ತೋಟಕ್ಕೆ ನೀರು ಬೇಕಂತೆ," ಎನ್ನುತ್ತಿದ್ದರು. ಅತ್ತೆ ಪಾತಿಯ ಬಾಯಿ ಕಟ್ಟುತ್ತ, ಕೇಳಿಸದವರಂತೆ ಇರುತ್ತಿದ್ದರು.

ಎಲ್ಲ ಗೆಡ್ಡೆಯೂ ದಂಟು ಎತ್ತಲಿಲ್ಲ. ಎತ್ತಿದವು ಸಣ್ಣ ಗೆಡ್ಡೆಯಿಂದ ಬಂದವೆಂದು ಯಾರೂ ಹೇಳುವಂತಿರಲಿಲ್ಲ. ಆ ವರ್ಷ ಆಕಾಶ ತಿಳಿಯಾಗಿತ್ತು, ನೊಣ ಬಂತು, ಚೆಂಡು ಒಡೆದವು. ಉಜ್ಜಿ ಕೇರಿದಾಗ ಮೊರದ ಮೂಲೆಯಲ್ಲಿ ಒಂದು ಬೊಗಸೆಗೆ ಸ್ವಲ್ಪ ಹೆಚ್ಚು ಕಪ್ಪು ಬೀಜ ನಿಂತಿತು. ಅತ್ತೆ ಎರಡು ಸೋರೆಬುರುಡೆ ತರಲು ಹೇಳಿದರು. ಒಂದು ಬುರುಡೆಗೇ ಸಾಲದಷ್ಟು ಬೀಜಕ್ಕೆ ಎರಡೇಕೆ ಎಂದು ನಾನು ಕೇಳಿದೆ. ಅವರು ಅರ್ಧರ್ಧ ಹಂಚಿ, ಬೂದಿ ಬೆರೆಸಿ, ಎರಡರ ಬಾಯಿಗೂ ಸಗಣಿ ಮೆತ್ತಿ ಒಣಗಿಸಿದರು. ಒಂದನ್ನು ನಮ್ಮ ಪಡಸಾಲೆಯ ತೊಲೆಗೆ ಕಟ್ಟಿಸಿದರು. ಇನ್ನೊಂದನ್ನು ಹಿಡಿದುಕೊಂಡು ಪಕ್ಕದ ಮನೆಗೆ ಹೊರಟರು. ನಾನೂ ಜೊತೆಗೆ ಹೋದೆ.

"ಇದು ನಿಮ್ಮನೇಲಿ ಇರ್ಲಿ," ಎಂದರು, ಮೂಗಿಗೆ ಸೆರಗು ಒತ್ತಿಕೊಂಡು ಬಂದಿದ್ದ ಆಕೆಗೆ. "ನಮ್ಮನೇದು ಕೆಟ್ರೆ ನಿಮ್ಮನೇದು ಇರ್ತದೆ."

ಆಕೆ ಬುರುಡೆಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದಳು. "ನಾನೇ ಬಿತ್ಕೊಂಡ್ಬುಟ್ರೆ?"

"ಬಿತ್ತು."

"ಬೆಳ್ಕೊಂಡು ತಿಂದ್ಬುಟ್ರೆ?"

"ತಿನ್ನು. ಎಲ್ಲಾ ತಿನ್ಬ್ಯಾಡ. ಒಸಿ ಗೆಡ್ಡೆ ನೆಡು," ಎಂದರು ಅತ್ತೆ. "ಒಲೆ ಮ್ಯಾಲೆ ಕಟ್ಬ್ಯಾಡ, ಬೀಜಕ್ಕೆ ಬಿಸಿ ಆಗಕ್ಕಿಲ್ಲ. ಗಾಳಿ ಆಡೋ ಕಡೆ ಕಟ್ಟು."

ಅವಳು ಎಲ್ಲಿ ಕಟ್ಟುತ್ತಾಳೆಂದು ನೋಡುವ ತನಕ ಅತ್ತೆ ಆ ಮನೆಯ ಹೊಸಿಲು ಬಿಟ್ಟು ಕದಲಲಿಲ್ಲ.